ನೋಡದೆ ಬರೆದ ಹನ್ನೊಂದು ಆಕಾಶಗಳು

ಸೆಪ್ಟೆಂಬರ್ 2, ಮಂಗಳವಾರ

ಹನ್ನೊಂದು ಆಕಾಶಗಳನ್ನು ನಾನು ನೋಡದೆಯೇ ಬರೆದಿದ್ದೇನೆ. ಎರಡು ತಿಂಗಳಿಂದ ಯಾರಿಗೂ ಹೇಳಿಲ್ಲ. ಯಾರೂ ಕೇಳಲೂ ಇಲ್ಲ. ಈ ಊರಿನಲ್ಲಿ ಆಕಾಶದ ವಿಚಾರ ಕೇಳುವವರೆಂದರೆ ಬಟ್ಟೆ ಒಣಹಾಕಿ ಬಂದವರು ಮಾತ್ರ.

ನನ್ನ ಕೆಲಸ ಇಷ್ಟು: ಹವಾಮಾನ ಕಚೇರಿಯ ತಾರಸಿಗೆ ಅರವತ್ತೆರಡು ಮೆಟ್ಟಿಲು. ಬೆಳಿಗ್ಗೆ ಎಂಟೂವರೆಗೆ, ಮಧ್ಯಾಹ್ನ, ಸಂಜೆ, ಹೀಗೆ ಮೂರು ಸಲ ಹತ್ತಬೇಕು. ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಎಷ್ಟು ಪಾಲಿಗೆ ಮೋಡ ಮುಚ್ಚಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಗಾಳಿ ಅಳೆಯುವ ಬಟ್ಟಲುಗಳು ತುಕ್ಕು ಹಿಡಿದು ಎರಡು ವರ್ಷವಾಯಿತು. ಅದಕ್ಕೆ ಗಾಳಿಯೂ ಕಣ್ಣಳತೆಯಲ್ಲೇ. ಎಲೆ ಅಲುಗಿದರೆ ಎರಡು, ಸಣ್ಣ ಕೊಂಬೆ ಅಲುಗಿದರೆ ನಾಲ್ಕು, ಕೊಡೆ ಹಿಡಿಯುವುದು ಕಷ್ಟವಾದರೆ ಆರು. ಈ ಕೆಲಸಕ್ಕೆ ಓದು ಬೇಡ, ಕತ್ತು ಇದ್ದರೆ ಸಾಕು. ಅದಕ್ಕೇ ನನಗೆ ಸಿಕ್ಕಿತು.

ನಾನು ಶಾಲೆ ಬಿಟ್ಟಿದ್ದು ಪ್ರಯೋಗಾಲಯದಲ್ಲಿ. ನನ್ನ ಬೀಕರಿನಲ್ಲಿ ನೀರು ತೊಂಬತ್ತಾರಕ್ಕೆ ಕುದಿಯಿತು, ಹಾಗೆಂದೇ ಬರೆದೆ. ಮೇಷ್ಟ್ರು ನೂರು ಅಂತ ಬರಿ ಅಂದರು. ಉಳಿದ ನಲವತ್ತು ಜನ ನೂರು ಅಂತ ಬರೆದರು. ನಾನು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಾಲ್ಕು ವರ್ಷ ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಂಥವಳು ಜುಲೈನಿಂದ ಹನ್ನೊಂದು ಬೆಳಗು, ಕೆಳಗಿನ ಹಳೇ ಕಾಗದಗಳ ಕೋಣೆಯಲ್ಲಿ ಕಪಾಟಿನ ಹಿಂದೆ ನಿದ್ದೆ ಹೊಡೆದು, ಎದ್ದು, ಹಿಂದಿನ ದಿನದ ಅಂಕಿಯನ್ನು ಕೊಂಚ ಆಚೆ ಈಚೆ ಮಾಡಿ ಬರೆದಿದ್ದೇನೆ. ಆ ಕೋಣೆಗೆ ಕಿಟಕಿಯೇ ಇಲ್ಲ. ಆಕಾಶ ಎಲ್ಲಿಗೂ ಹೋಗಲ್ಲ, ನಾಳೆ ನೋಡಿದರಾಯಿತು ಅಂದುಕೊಂಡೆ.

ಹನ್ನೊಂದನೆಯದು ಆಗಸ್ಟ್ ಇಪ್ಪತ್ತೆಂಟು. ಮೋಡ ಒಂದು, ಗಾಳಿ ಎರಡು ಎಂದು ಗೀಚಿದೆ. ಅದೇ ದಿನ ಎಂಟೂ ಮುಕ್ಕಾಲಿಗೆ ಅಣ್ಣ ಕಟ್ಟಿದ್ದ ಸಾರುವೆ ಕುಸಿಯಿತು. ಆರು ಮಹಡಿ ಕಟ್ಟಡದ ಮುಂದೆ ಬೊಂಬು, ಹಲಗೆ, ಹಗ್ಗ ಸೇರಿಸಿ ಕಟ್ಟಿದ್ದು. ಅದರ ಮೇಲೆ ನಿಂತು ಗೋಡೆಗೆ ಬಣ್ಣ ಬಳಿಯುತ್ತಿದ್ದವನು ಬಿದ್ದು ಸೊಂಟ ಮುರಿದುಕೊಂಡ. ಗಾಳಿಗೆ ಬಿತ್ತು ಅನ್ನುತ್ತಾನೆ ಗುತ್ತಿಗೆದಾರ. ಗಾಳಿಯೇ ಇರಲಿಲ್ಲ, ಕಟ್ಟಿದ್ದೇ ಸರಿಯಿಲ್ಲ ಅನ್ನುತ್ತಾರೆ ಬಣ್ಣದವನ ಮನೆಯವರು. ಗಾಳಿ ಎಂದಾದರೆ ಯಾರದೂ ತಪ್ಪಿಲ್ಲ, ಬಣ್ಣದವನ ಆಸ್ಪತ್ರೆ ಖರ್ಚು ಅವನ ಹಣೆಬರಹ. ಗಾಳಿ ಇರಲಿಲ್ಲ ಎಂದಾದರೆ ಅಣ್ಣನ ಮೇಸ್ತ್ರಿ ಪರವಾನಗಿ ಹೋಗುತ್ತದೆ, ಮೇಲೊಂದು ಮೊಕದ್ದಮೆ.

ಇವತ್ತು ವಿಚಾರಣೆಯವರಿಂದ ಕಾಗದ ಬಂದಿದೆ. ಹದಿನೆಂಟನೇ ತಾರೀಕು ಆ ದಿನದ ಪುಟ ತರಬೇಕಂತೆ. ಬರೆದವರೇ ತರಬೇಕಂತೆ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ.

ಸೆಪ್ಟೆಂಬರ್ 3, ಬುಧವಾರ

ಬೆಳಿಗ್ಗೆ ಮೋಡ ನಾಲ್ಕು. ನೋಡಿ ಬರೆದೆ. ಬಹಳ ದೊಡ್ಡ ಉಪಕಾರ ಮಾಡಿದೆ.

ಕಾಗದದ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಗುತ್ತಿಗೆದಾರ ಅಣ್ಣನಿಗೆ ಹೇಳಿದ್ದಾನೆ, ಅಣ್ಣ ಅತ್ತಿಗೆಗೆ. ಅಣ್ಣ ನನ್ನ ಹತ್ತಿರ ಏನೂ ಕೇಳಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಾ ನಿಂತಿದ್ದ. ಸಾರುವೆ ಬಿದ್ದಾಗಿನಿಂದ ದಿನಾ ಇದೇ. ಕೆಲಸವಿಲ್ಲದ ಬಡಗಿ ಏನೋ ಕೆತ್ತಿದನಂತೆ. ನಮ್ಮನೆಯಲ್ಲಿ ಹಗ್ಗ ಕಟ್ಟುವವನು.

ಅತ್ತಿಗೆ ತಟ್ಟೆ ಇಡುತ್ತಾ ಶುರು ಮಾಡಿದಳು.

"ಒಂದು ಅಂಕಿ ತಾನೇ ಕಣೇ? ಎರಡು ಇದ್ದದ್ದು ಆರು ಆದ್ರೆ ಆಕಾಶ ಕಳಚಿ ಬೀಳುತ್ತಾ?"

"ಬೀಳಲ್ಲ. ಆಗಲೇ ಬೇರೆಯವರು ಬಿದ್ದಾಗಿದೆ."

"ನಾಲಿಗೆ ನೋಡು! ಈ ಮನೇಲಿ ಉಣ್ತಾ ಇದೀಯ, ನೆನಪಿರಲಿ."

"ಉಣ್ಣೋದೂ ಬರೀಬೇಕಾ? ಎಂಟರಲ್ಲಿ ಎಷ್ಟು ಪಾಲು?"

ಅಣ್ಣ ಹೊರಗಿನಿಂದಲೇ "ಸಾಕು" ಅಂದ. ಅವಳಿಗೆ ಅಂದನೋ ನನಗೋ, ತಿಳಿಯಲಿಲ್ಲ. ಹಗ್ಗಕ್ಕೇ ಅಂದಿದ್ದರೂ ಅಂದಿರಬಹುದು.

ಅವರಿಬ್ಬರೂ ನಾನು ನಿಜ ಬರೆದಿದ್ದೇನೆ ಎಂದುಕೊಂಡೇ ನನ್ನ ಮೇಲೆ ಸಿಟ್ಟಾಗಿದ್ದಾರೆ. ಇದು ಇನ್ನೂ ಚೆನ್ನಾಗಿದೆ.

ಸೆಪ್ಟೆಂಬರ್ 5, ಶುಕ್ರವಾರ

ಮೋಡ ಮೂರು. ಹತ್ತಿ ಕಿತ್ತು ಚೆಲ್ಲಿದ ಹಾಗೆ, ಎಲ್ಲವೂ ಪೂರ್ವದ ಕಡೆ.

ಒಂದು ಉಪಾಯ ಹೊಳೆದಿತ್ತು. ನಾನು ನೋಡದಿದ್ದರೇನು, ಇಷ್ಟು ದೊಡ್ಡ ಊರಿನಲ್ಲಿ ಯಾರಾದರೂ ನೋಡಿರಬೇಕಲ್ಲ. ಅವತ್ತು ಬೆಳಿಗ್ಗೆ ಗಾಳಿ ಇತ್ತೇ ಎಂದು ಆ ಬೀದಿಯಲ್ಲಿ ಕೇಳುತ್ತಾ ಹೋದೆ.

ಚಹಾದವನು ಅಂದ: "ನನ್ನ ಒಲೆ ಆರಿರಲಿಲ್ಲಮ್ಮ. ಆದ್ರೆ ಒಲೆಗೆ ತಗಡು ಅಡ್ಡ ಇಟ್ಟಿದೀನಲ್ಲ, ಹೆಂಗೆ ಆರುತ್ತೆ?"

ಬಟ್ಟೆ ಒಗೆಯುವವಳು ಅಂದಳು: "ಇತ್ತಲ್ಲ! ದುಪ್ಪಟಿ ಹಾರಿ ಹೋಗಿ ಎದುರು ಮನೆ ತಂತಿ ಮೇಲೆ ಕೂತಿತ್ತು. ತಾಳು, ಅದು ಗುರುವಾರಾನೋ, ಅದರ ಹಿಂದಿನ ವಾರಾನೋ?"

ವೃತ್ತದ ಪೊಲೀಸಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾನು ಆಕಾಶ ನೋಡ್ತಾ ನಿಂತ್ರೆ ಇಲ್ಲಿ ದಿನಕ್ಕೆ ನಾಲ್ಕು ಜನ ಆಕಾಶಕ್ಕೇ ಹೋಗ್ತಾರೆ. ನಡಿ ನಡಿ."

ಸಾರುವೆ ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಎಷ್ಟು ಸದ್ದಾಯಿತು, ಎಷ್ಟು ಧೂಳೆದ್ದಿತು, ಬಣ್ಣದ ಡಬ್ಬ ಯಾರ ಸ್ಕೂಟರಿನ ಮೇಲೆ ಕವುಚಿತು, ಎಲ್ಲ ಬಾಯಿಪಾಠ. ಅದಕ್ಕೆ ಒಂದು ನಿಮಿಷ ಮೊದಲು ಗಾಳಿ ಇತ್ತೇ ಎಂದರೆ ಬಾಯಿ ಬಾಯಿ ಬಿಡುತ್ತಾರೆ. ಲಕ್ಷಗಟ್ಟಲೆ ಜನ, ಪ್ರತಿಯೊಬ್ಬನಿಗೂ ಎರಡೆರಡು ಕಣ್ಣು, ಒಂದೂ ಮೇಲಕ್ಕೆ ಹೋಗುವುದಿಲ್ಲ. ಈ ಜನದ ಪರವಾಗಿ ಮೇಲೆ ನೋಡಲು ಒಬ್ಬಳನ್ನು ಇಟ್ಟಿದ್ದರು. ಅವಳು ಮಲಗಿದ್ದಳು.

ಸೆಪ್ಟೆಂಬರ್ 6

ಎಂಟಕ್ಕೆ ಎಂಟು. ಒದ್ದೆ ಸಿಮೆಂಟಿನ ಬಣ್ಣ. ಯಾರ ಮುಖವನ್ನೂ ನೋಡುವ ಮನಸ್ಸಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಮೋಡ ಐದು, ಗಾಳಿ ಮೂರು.

ಕೊಡೆ ಸಾಹೇಬರು ಕರೆದರು. ನಮ್ಮ ಕಚೇರಿಗೆ ಇವರೇ ದೊಡ್ಡವರು. ತಮ್ಮ ಕಚೇರಿಯೇ 'ನಾಳೆ ಒಣ ಹವೆ' ಎಂದು ಹೇಳಿದ ದಿನವೂ ಕೊಡೆ ಬಿಡದವರು. ಊರಿಗೆ ಹೇಳುವ ಮಾತನ್ನು ಊರು ನಂಬಬೇಕು, ಇವರು ನಂಬುವುದಿಲ್ಲ. ಮೇಜಿನ ಮೇಲೆ ಕೊಡೆ ಮಲಗಿತ್ತು, ಅದರ ಪಕ್ಕದಲ್ಲಿ ಗುತ್ತಿಗೆದಾರ ಕಾಣಿಕೆಯೆಂದು ಬಿಟ್ಟುಹೋದ ಡೈರಿ, ಪೆನ್ನು.

"ಗಾಳಿ ಎರಡು ಅಂತ ಬರೆದಿದೀಯ. ಕಣ್ಣಳತೆ ತಾನೇ?"

"ಹೌದು ಸರ್."

"ಕಣ್ಣು ತಪ್ಪುತ್ತೆ. ತಪ್ಪಿದ್ದನ್ನ ತಿದ್ದಿದ್ರೆ ಅದು ತಪ್ಪಲ್ಲ."

"ಎಷ್ಟು ಮಾಡಬೇಕು ಸರ್?"

"ನಾನ್ಯಾಕಮ್ಮ ಹೇಳಲಿ? ನಿನಗೇ ನೆನಪಾಗಬೇಕು." ಕೊಡೆಯ ಹಿಡಿ ಸವರುತ್ತಾ, "ಆರು ಅಂತ ನೆನಪಾದ್ರೆ ನಿಮ್ಮಣ್ಣನಿಗೂ ಒಳ್ಳೇದು."

"ಅವತ್ತು ನಿಮಗೆ ಕೊಡೆ ಹಿಡಿಯೋಕೆ ಕಷ್ಟ ಆಗಿತ್ತಾ ಸರ್?"

"ಅವತ್ತು ನಾನು ಕಾರಿನಲ್ಲಿ ಬಂದಿದ್ದೆ," ಅಂದರು, ಬಹಳ ಗಂಭೀರವಾಗಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರದು ಗಾಳಿ ಡೊಂಕು. ಹಾಗೆ ನಗುತ್ತಲೇ ಮೆಟ್ಟಿಲು ಹತ್ತಿದೆ. ನಲವತ್ತನೇ ಮೆಟ್ಟಿಲಿನಲ್ಲಿ ಹೊಳೆಯಿತು: ಸಾಹೇಬರ 'ಆರು' ಸುಳ್ಳು ಎಂದು ಹೇಳಲು ನನ್ನ ಹತ್ತಿರ ಏನಿದೆ? ನನ್ನ ಎರಡು. ಅದರ ಕಥೆ ನನಗೆ ಗೊತ್ತು. ಒಬ್ಬರ ಸುಳ್ಳಿಗಿಂತ ಇನ್ನೊಬ್ಬರದು ಸಣ್ಣದು, ಅಷ್ಟೇ.

ನಗು ಅಲ್ಲಿಗೇ ನಿಂತಿತು. ಉಳಿದ ಇಪ್ಪತ್ತೆರಡು ಮೆಟ್ಟಿಲು ಸುಮ್ಮನೆ ಹತ್ತಿದೆ.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ಎರಡು, ಮಧ್ಯಾಹ್ನ ಆರು. ಮಧ್ಯದಲ್ಲಿ ಆಸ್ಪತ್ರೆಗೆ ಹೋಗಿ ಬಂದೆ. ಯಾಕೆ ಹೋದೆನೋ ಗೊತ್ತಿಲ್ಲ. ಬಣ್ಣದವನನ್ನೇ ಕೇಳೋಣ ಎಂದು ಇರಬೇಕು. ಗಾಳಿ ಇದ್ದರೆ ಎಲ್ಲರಿಗಿಂತ ಮೊದಲು ಅವನ ಮೈಗೇ ತಗುಲಿರುತ್ತದೆ.

ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಹೋಗಿಲ್ಲ. ಅವನ ತಾಯಿ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಹವಾಮಾನ ಕಚೇರಿಯವಳು ಎಂದದ್ದೇ ತಡ, ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈಯೆಲ್ಲ ಕಿತ್ತಳೆ ರಸ.

"ಗಾಳಿ ಇರಲಿಲ್ಲ ಅಂತ ಬರೆದೋಳು ನೀನೇ ಏನವ್ವ? ನಿಮ್ಮಣ್ಣನೇ ಕಟ್ಟಿದ್ದು ಅಂತೆ, ಆದ್ರೂ ಬರೆದೆಯಲ್ಲ. ಇನ್ನೂ ಇದಾರೆ ಕಣಪ್ಪ ಇಂಥೋರು."

ಸಾರುವೆ ಬೀಳುವ ಮೊದಲೇ ಬರೆದದ್ದು ಅದು ಎಂದು ಹೇಳಬೇಕು ಅನಿಸಿತು. ಹೇಳಲಿಲ್ಲ. ಅವನ ಕಡೆ ತಿರುಗಿ ಕೇಳಿದೆ, "ಅವತ್ತು ಗಾಳಿ ಇತ್ತಾ?"

ಅವನು ಉಗುರಿನ ಬಣ್ಣ ಕೆರೆದ. "ಗೋಡೆ ನೋಡ್ತಿದ್ದೆ. ಎರಡನೇ ಕೋಟ್. ಕೈ ತಡವರಿಸಿದ್ರೆ ಪಟ್ಟೆ ಉಳಿಯುತ್ತೆ, ಅದಕ್ಕೆ ಬೇರೆ ಕಡೆ ಗಮನ ಇರಲಿಲ್ಲ. ಗಾಳಿ..." ಎಂದು ನಿಲ್ಲಿಸಿ, "ಸುಳ್ಳು ಯಾಕೆ ಹೇಳಲಿ, ಗೊತ್ತಾಗಲಿಲ್ಲ," ಅಂದ.

ತಾಯಿ ಅವನ ತೋಳಿಗೆ ಚಿವುಟಿದರು. "ಇರಲಿಲ್ಲ ಅನ್ನೋ, ಮಂಕೇ!"

"ಗೊತ್ತಿಲ್ಲಮ್ಮ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ."

ಸೊಂಟ ಮುರಿದುಕೊಂಡು ಮಲಗಿದವನು ಇಷ್ಟು ಸುಲಭವಾಗಿ ಹೇಳಿಬಿಟ್ಟ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ತಾಯಿ ಕಿತ್ತಳೆಯ ಎರಡು ತೊಳೆ ಬಲವಂತವಾಗಿ ಕೊಟ್ಟರು. ಮೆಟ್ಟಿಲಿನ ಮೇಲೆ ಬಿಸಾಡೋಣ ಎಂದುಕೊಂಡೆ. ತಿಂದೆ.

ಸೆಪ್ಟೆಂಬರ್ 14, ಭಾನುವಾರ

ಏಳು. ಪಶ್ಚಿಮದ ಮೂಲೆಯಲ್ಲಿ ಒಂದು ಚೂರು ನೀಲಿ, ನೀರಿನ ಟ್ಯಾಂಕಿನ ಪಕ್ಕ. ಅದು ಇಲ್ಲದಿದ್ದರೆ ಎಂಟು.

ಈ ಏಳು-ಎಂಟರ ಲೆಕ್ಕ ಕಲಿಸಿದ್ದು ಗೋಣು ತಾತ. ನನಗಿಂತ ಮೊದಲು ಈ ಕೆಲಸ ಮಾಡಿದವರು. ನಲವತ್ತು ವರ್ಷ ಮೇಲೆ ನೋಡಿ ನೋಡಿ ಅವರ ಗೋಣು ಹಿಂದಕ್ಕೇ ನಿಂತುಬಿಟ್ಟಿದೆ, ಯಾರು ಬಂದರೂ ಅವರ ಹಣೆಯ ಮೇಲಿನ ಗಾಳಿಯ ಜೊತೆ ಮಾತಾಡುತ್ತಾರೆ. ಸೂಜಿಮೊನೆಯಷ್ಟು ನೀಲಿ ಕಂಡರೂ ಎಂಟು ಬರೆಯಬಾರದು, ಏಳು ಅಂತಲೇ ಬರೀಬೇಕು ಎನ್ನುತ್ತಿದ್ದರು. ಈ ಮುದುಕನಿಗೆ ಬೇರೆ ಕಸುಬಿಲ್ಲ ಎಂದು ಆಗ ನಗು ಬಂದಿತ್ತು.

ಇವತ್ತು ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಹನ್ನೊಂದನ್ನೂ. ಬೈಯುತ್ತಾರೆ ಎಂದು ಕಾದೆ. ನನ್ನ ಹಣೆಯ ಮೇಲೆ ನೋಡುತ್ತಾ ಕೇಳಿದರು:

"ಓರೆಗೆರೆ ಕಲಿಸಿದ್ದೆನಲ್ಲ?"

ಕಲಿಸಿದ್ದರು. ನೋಡಲಾಗದ ಹೊತ್ತಿಗೆ ಅಂಕಿಯ ಜಾಗದಲ್ಲಿ ಒಂದು ಓರೆಗೆರೆ ಎಳೆಯಬೇಕು. ನೋಡಿಲ್ಲ ಎಂದು ಅರ್ಥ. ಸೊನ್ನೆ ಎಂದರೆ ಮೋಡವಿಲ್ಲ, ಗೆರೆ ಎಂದರೆ ನೋಡಿದವರಿಲ್ಲ.

"ಕಲಿಸಿದ್ರಿ ತಾತ. ಅದು ವಯಸ್ಸಾದೋರಿಗೆ ಅಂದುಕೊಂಡಿದ್ದೆ."

"ನಲವತ್ತು ವರ್ಷದಲ್ಲಿ ಮೂರು ಎಳೆದಿದೀನಿ. ಒಂದು, ನಮ್ಮವಳು ಹೋದ ದಿನ. ಇನ್ನೊಂದು, ಹೊಟ್ಟೆ ಕೆಟ್ಟು ಮೆಟ್ಟಿಲು ಹತ್ತೋಕೆ ಆಗದ ದಿನ. ಮೂರನೇದು ಸುಮ್ಮನೆ. ಬೇಜಾರಾಗಿತ್ತು."

"ಬೇಜಾರಾಗಿತ್ತು ಅಂತ ಗೆರೆ ಎಳೆದ್ರಾ?"

"ಮತ್ತೆ? ಬೇಜಾರಾಗಿತ್ತು ಅಂತ ಮೋಡ ಬರೀಲಾ?"

ನಾನು ಎದ್ದು ಹೊರಟೆ. ಬಾಗಿಲವರೆಗೂ ಬಂದು ಇಷ್ಟೇ ಹೇಳಿದರು: "ಕೆಂಪು ಶಾಯಿ. ಹಳೇ ಅಂಕಿ ಕಾಣೋ ಹಾಗೆ ಹೊಡಿ. ಪಕ್ಕದಲ್ಲಿ ನಿನ್ನ ಸಹಿ."

ಸೆಪ್ಟೆಂಬರ್ 15

ಹೊಡೆದೆ. ಹನ್ನೊಂದು. ಮೋಡಕ್ಕೊಂದು ಗೆರೆ, ಗಾಳಿಗೊಂದು. ಇಪ್ಪತ್ತೆರಡು ಗೆರೆ, ಹನ್ನೊಂದು ಸಹಿ.

ಸಂಜೆ ಮೋಡ ಆರು, ಗಾಳಿ ನಾಲ್ಕು.

ಸೆಪ್ಟೆಂಬರ್ 16, ಮಂಗಳವಾರ

ಕೊಡೆ ಸಾಹೇಬರು ಪುಟ ತಿರುವುತ್ತಾ ಹೋದರು. ಒಂದೊಂದು ಕೆಂಪು ಗೆರೆಗೂ ಅವರ ಮುಖ ಒಂದೊಂದು ಪಾಲು ಮುಚ್ಚುತ್ತಾ ಬಂತು. ಕೊನೆಗೆ ಎಂಟಕ್ಕೆ ಎಂಟು.

"ಒಂದು ತಿದ್ದು ಅಂದ್ರೆ ಹನ್ನೊಂದು ಕೆಡಿಸಿದೀಯಲ್ಲೇ!"

"ಕೆಟ್ಟಿದ್ದು ಮೊದಲೇ ಸರ್. ಈಗ ಗೊತ್ತಾಗೋ ಹಾಗೆ ಮಾಡಿದೀನಿ ಅಷ್ಟೇ."

"ಯಾರು ಕೇಳಿದ್ರು ನಿನ್ನನ್ನ? ಹಾಂ? ಯಾರಾದ್ರೂ ಕೇಳಿದ್ರಾ?"

"ಇಲ್ಲ ಸರ್."

"ಹದಿನೆಂಟಕ್ಕೆ ಹೋಗಿ ನಿನ್ನ ಘನಂದಾರಿ ಕೆಲಸ ತೋರಿಸು. ಇಲ್ಲಿಗೆ ಇವತ್ತೇ ಕೊನೆ."

"ಸಂಜೆದು ನೋಡಬೇಕಲ್ಲ ಸರ್?"

"ನೋಡೋದೇನು? ಆಕಾಶ ಎಲ್ಲಿಗೂ ಹೋಗಲ್ಲ," ಎಂದು ಕೊಡೆಯಿಂದ ಬಾಗಿಲು ತೋರಿಸಿದರು. ಈ ಮಾತು ಎಲ್ಲೋ ಕೇಳಿದ ಹಾಗಿದೆ.

ಕೆಳಗಿಳಿಯಬೇಕಾದವಳು ಮೇಲೆ ಹತ್ತಿದೆ. ಐದೂವರೆಗೆ ಮೋಡ ಐದು. ಕೆಳಗಿನ ಪದರ ಬೂದು, ದಕ್ಷಿಣಕ್ಕೆ ಓಡುತ್ತಿತ್ತು. ಅದರ ಮೇಲೆ ಇನ್ನೊಂದು ತೆಳು ಪದರ, ಬೆಳ್ಳಗೆ, ಅಲುಗದೆ ನಿಂತಿತ್ತು. ಒಂದೇ ಆಕಾಶದಲ್ಲಿ ಎರಡು ಗಾಳಿ. ದೂರದ ಕ್ರೇನಿನ ತುದಿಯ ಬಾವುಟ ಪಟಪಟ ಎನ್ನುತ್ತಿತ್ತು, ನಮ್ಮ ತಾರಸಿಯ ಹುಲ್ಲುಕಡ್ಡಿ ಸುಮ್ಮನಿತ್ತು. ಈ ಊರಿನಲ್ಲಿ ಇಷ್ಟು ತಿಂಗಳು ನಡೆಯುತ್ತಿದ್ದದ್ದು ಇದು. ರಿಜಿಸ್ಟರ್ ಸಾಹೇಬರ ಬೀರುವಿನಲ್ಲಿತ್ತು, ಬರೆಯಲು ಜಾಗವಿರಲಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 18, ಗುರುವಾರ

ವಿಚಾರಣೆಯ ಕೋಣೆಯಲ್ಲಿ ಒಂದು ಕಡೆ ಗುತ್ತಿಗೆದಾರ, ಅಣ್ಣ, ಅತ್ತಿಗೆ. ಇನ್ನೊಂದು ಕಡೆ ಬಣ್ಣದವನ ತಾಯಿ. ಎರಡೂ ಕಡೆಯವರು ನನ್ನನ್ನು ತಮ್ಮವಳು ಎನ್ನುವಂತೆ ನೋಡಿದರು. ಐದು ನಿಮಿಷದಲ್ಲಿ ಇಬ್ಬರಿಗೂ ಬೇಡವಾದೆ.

ಬೆಳಿಗ್ಗೆ ಕಚೇರಿಯಿಂದ ನಾನು ಇಸಿದುಕೊಂಡು ತಂದ ರಿಜಿಸ್ಟರಿನ ಪುಟವನ್ನು ಅಧಿಕಾರಿ ಕನ್ನಡಕ ಏರಿಸಿ ನೋಡಿದರು. "ಇದೇನಮ್ಮ ಗೆರೆ?"

"ನೋಡಿಲ್ಲ ಅಂತ ಸರ್."

"ಗಾಳಿ ಇತ್ತೋ ಇಲ್ಲವೋ?"

"ಗೊತ್ತಿಲ್ಲ."

"ಮೋಡ?"

"ಗೊತ್ತಿಲ್ಲ. ನಾನು ಕೆಳಗೆ ಮಲಗಿದ್ದೆ."

ಗುತ್ತಿಗೆದಾರ ನಕ್ಕ. ಬಣ್ಣದವನ ತಾಯಿ ನಗಲಿಲ್ಲ. "ಅಯ್ಯೋ, ನಿನ್ನ ಕೈ ಹಿಡಿದುಕೊಂಡಿದ್ದೆನಲ್ಲವ್ವ," ಅಂದರು. ಅಷ್ಟೇ ಅಂದದ್ದು. ಬೈದಿದ್ದರೆ ಎದುರು ಹೇಳುತ್ತಿದ್ದೆ.

ಅಧಿಕಾರಿ ರಿಜಿಸ್ಟರ್ ಮುಚ್ಚಿ ಪಕ್ಕಕ್ಕೆ ತಳ್ಳಿದರು. "ಆಕಾಶ ಸಾಕ್ಷಿ ಹೇಳಲ್ಲ. ಹಾಗಾದ್ರೆ ಹಗ್ಗ ತನ್ನಿ."

ಮೂಲೆಯಲ್ಲಿದ್ದ ಗೋಣಿಚೀಲ ಬಿಚ್ಚಿ ಮೇಜಿನ ಮೇಲೆ ಸುರಿದರು. ಇಷ್ಟು ದಿನ ಅದು ಅಲ್ಲೇ ಇತ್ತಂತೆ, ಯಾರೂ ತೆರೆದಿರಲಿಲ್ಲ. ಎಲ್ಲರಿಗೂ ನನ್ನ ಅಂಕಿಯದೇ ಚಿಂತೆ. ಅಧಿಕಾರಿ ಒಂದು ತುಂಡು ಕೈಗೆತ್ತಿಕೊಳ್ಳುವ ಮೊದಲೇ ಅಣ್ಣ ಎದ್ದು ನಿಂತ.

"ಅದು ಹಳೇ ಹಗ್ಗ ಸಾರ್. ಹೋದ ವರ್ಷದ್ದು. ಹೊಸದು ಕೊಡಿ ಅಂತ ಇವರನ್ನ ಎರಡು ಸಲ ಕೇಳಿದೆ. ಮೂರನೇ ಸಲ ಕೇಳಲಿಲ್ಲ. ಕಟ್ಟಿಬಿಟ್ಟೆ. ಕಟ್ಟುವಾಗಲೇ ಕೈಗೆ ಗೊತ್ತಾಗಿತ್ತು."

"ಕೂತ್ಕೊಳೋ!" ಎಂದ ಗುತ್ತಿಗೆದಾರ. ಅಣ್ಣ ಕೂರಲಿಲ್ಲ.

ಯಾಕೆ ಹೇಳಿದ ಎಂದು ನಾನು ಕೇಳಿಲ್ಲ. ನನ್ನನ್ನು ನೋಡಿ ಹೇಳಿದ ಎನ್ನುವಷ್ಟು ದಡ್ಡಿಯಲ್ಲ ನಾನು. ಮೂರು ವಾರದಿಂದ ಬಟ್ಟೆಯ ಹಗ್ಗ ಬಿಚ್ಚಿ ಕಟ್ಟಿ ಮಾಡುತ್ತಿದ್ದುದನ್ನು ದಿನಾ ನೋಡುತ್ತಿದ್ದೆನಲ್ಲ. ನೋಡಿ, ಏನು ಬರೆದಿದ್ದೆ ಇಲ್ಲಿ? ಕೆಲಸವಿಲ್ಲದ ಬಡಗಿ ಎಂದು. ಅದಕ್ಕೂ ಒಂದು ಗೆರೆ ಹೊಡೆಯಬೇಕು.

ಸೆಪ್ಟೆಂಬರ್ 20, ಶನಿವಾರ

ಮೂರು. ಗಾಳಿ ಒಂದು, ಚಿಮಣಿಯ ಹೊಗೆ ಮಾತ್ರ ಬಾಗುತ್ತಿದೆ.

ಅಣ್ಣನ ಪರವಾನಗಿ ಒಂದು ವರ್ಷ ಇಲ್ಲ. ಬಣ್ಣದವನ ಆಸ್ಪತ್ರೆಯ ಭಾರ ಗುತ್ತಿಗೆದಾರನ ಮೇಲೆ ಹಾಕಿದ್ದಾರೆ. ಅವನು ಮೇಲಿನವರ ಹತ್ತಿರ ಹೋಗುತ್ತಾನಂತೆ. ಸೋಮವಾರದಿಂದ ಅಣ್ಣ ಬೊಂಬಿನ ಮಂಡಿಯಲ್ಲಿ ಹೊರೆ ಇಳಿಸುವ ಕೆಲಸಕ್ಕೆ. ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಗೋಡೆಯ ಕಡೆ ತಿರುಗಿ "ಊಟ ಆಗಿದೆ" ಅನ್ನುತ್ತಾಳೆ. ಗೋಡೆ ಉಣ್ಣುವುದಿಲ್ಲ, ನಾನು ಉಣ್ಣುತ್ತೇನೆ.

ಮಧ್ಯಾಹ್ನ ಗೋಣು ತಾತ ಬಂದಿದ್ದರು. ಕೊಡೆ ಸಾಹೇಬರು ನನ್ನ ಜಾಗಕ್ಕೆ ಬೇರೆ ಯಾರನ್ನೂ ಹಾಕಿಲ್ಲವಂತೆ, ತಾವೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದಾರಂತೆ. ಬಿಡಿ, ಈ ಊರಿಗೆ ಅಷ್ಟೇ ಯೋಗ್ಯತೆ.

ತಾತನ ತಂಗಿಯ ಮಗ ಬೇರೊಂದು ಊರಿನ ಆಚೆ ಇಟ್ಟಿಗೆ ಗೂಡು ನಡೆಸುತ್ತಾನಂತೆ. ಹಸಿ ಇಟ್ಟಿಗೆ ಸಾವಿರಗಟ್ಟಲೆ ಬಯಲಲ್ಲಿ ಒಣಗುತ್ತಿರುತ್ತದೆ. ಮಳೆ ಬರುವುದನ್ನು ಅರ್ಧ ಗಂಟೆ ಮೊದಲು ಹೇಳುವವರು ಬೇಕು, ಹೊದಿಸುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ.

"ತಪ್ಪಾಗಿ ಹೇಳಿದ್ರೆ?"

"ಇಟ್ಟಿಗೆ ಕೆಸರಾಗುತ್ತೆ. ಎಲ್ಲರೂ ನಿನ್ನ ಮುಖ ನೋಡ್ತಾರೆ."

"ನೋಡದೆ ಹೇಳಿದ್ರೆ?"

ತಾತ ಮೊದಲ ಸಲ ಕಷ್ಟಪಟ್ಟು ಗೋಣು ಇಳಿಸಿ ನನ್ನ ಕಣ್ಣು ನೋಡಿದರು.

ಸೆಪ್ಟೆಂಬರ್ 22, ಸೋಮವಾರ

ಏಳು. ಎಂಟು ಎಂದುಕೊಂಡೇ ಬಾಲ್ಕನಿಯಿಂದ ಒಳಗೆ ಬಂದಿದ್ದೆ. ಸಮಾಧಾನವಾಗದೆ ಮತ್ತೆ ಹೋಗಿ ಕತ್ತು ಹೊರಗೆ ಚಾಚಿ ನೋಡಿದೆ. ಎದುರು ಕಟ್ಟಡದ ಸಂದಿಯಲ್ಲಿ, ಲಿಫ್ಟಿನ ಗೂಡಿನ ಹಿಂದೆ, ಒಂದು ಗೀರು ನೀಲಿ ಇತ್ತು.

ಅತ್ತಿಗೆ ನನ್ನ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬಿದಳು. "ಅಲ್ಲಿ ಬಯಲು, ಚಳಿ ಇರುತ್ತೆ," ಎಂದು ಗೋಡೆಗೆ ಹೇಳಿ ತನ್ನ ಸ್ವೆಟರನ್ನು ಮೇಲಿಟ್ಟಳು.

ಪೆಟ್ಟಿಗೆಯ ಚಿಲಕ ಕೆಟ್ಟಿದೆ. ಅಣ್ಣ ಮಂಡಿಯಿಂದ ಬರುವಾಗ ಹೊಸ ಹಗ್ಗ ತಂದಿದ್ದ. ನೆಲದ ಮೇಲೆ ಕೂತು, ಪೆಟ್ಟಿಗೆಗೆ ಮೊಣಕಾಲು ಕೊಟ್ಟು, ಎರಡು ಸುತ್ತು ಸುತ್ತಿ ಗಂಟು ಹಾಕಿದ.

"ಎಳೆದು ನೋಡು," ಅಂದ.

"ನೀನು ಕಟ್ಟಿದೀಯಲ್ಲ."

"ನಾನು ಕಟ್ಟಿದೀನಿ ಅಂತಾನೇ ಹೇಳ್ತಿರೋದು. ಎಳೆದು ನೋಡು."

ಎರಡೂ ಕೈಯಿಂದ ಎಳೆದೆ. ಬಿಗಿಯಾಗಿದೆ.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಇಟ್ಟಿಗೆ ಗೂಡಿನ ಕಡೆ ಹೊರಡುತ್ತೇನೆ.